ಬ್ಲ್ಯಾಕ್ ಫ್ಲ್ಯಾಗ್ ಕೇಳಲು ಶುರು ಮಾಡುವವರು 'ದಿ ಫಸ್ಟ್ ಫೋರ್ ಇಯರ್ಸ್' ಬಿಟ್ಟರೆ ನಡೆಯುತ್ತದಾ?

ನಡೆಯುತ್ತದೆ. ಆದರೂ ಬಿಡಬೇಡಿ ಅಂತ ನನ್ನ ಸಲಹೆ.

ನಿಮ್ಮ ಪ್ರಶ್ನೆ ಇಷ್ಟು: ಬ್ಲ್ಯಾಕ್ ಫ್ಲ್ಯಾಗ್ ಎಂಬ ಈ ಅಮೆರಿಕದ ಪಂಕ್ ಬ್ಯಾಂಡಿನ ದೊಡ್ಡ ಹೆಸರು ಗಾಯಕ ಹೆನ್ರಿ ರೋಲಿನ್ಸ್, ದೊಡ್ಡ ಆಲ್ಬಮ್ 'ಡ್ಯಾಮೇಜ್ಡ್'. ಹಾಗಿರುವಾಗ ಆತ ಬರುವುದಕ್ಕೂ ಮುಂಚಿನ ಹಾಡುಗಳನ್ನು ಒಟ್ಟು ಹಾಕಿರುವ ಸಂಗ್ರಹ ಯಾಕೆ ಕೇಳಬೇಕು? ಅದರಲ್ಲೂ ಮೂರು ಮೂರು ಗಾಯಕರಿದ್ದಾರೆ, ರೆಕಾರ್ಡಿಂಗ್ ಬೇರೆ ಒರಟು.

ಬೇರೆ ಬ್ಯಾಂಡ್‌ಗಳ ವಿಷಯದಲ್ಲಾದರೆ ನಾನೂ ಹೀಗೇ ಯೋಚಿಸುತ್ತಿದ್ದೆ. ಶುರುವಿನ ರೆಕಾರ್ಡಿಂಗ್‌ಗಳ ಸಂಗ್ರಹ ಅಂದರೆ ಸಾಮಾನ್ಯವಾಗಿ ಅಟ್ಟದ ಮೇಲಿನ ಸಾಮಾನು. ಪಕ್ಕಾ ಅಭಿಮಾನಿಗಳಿಗೆ ಬಿಟ್ಟರೆ ಬೇರೆಯವರಿಗೆ ಬೇಡ. ಆದರೆ 1980ರ ಆಸುಪಾಸಿನ ಅಮೆರಿಕದ ಹಾರ್ಡ್‌ಕೋರ್ ಪಂಕ್‌ನಲ್ಲಿ, ಅಂದರೆ ಇನ್ನೂ ವೇಗದ, ಇನ್ನೂ ಒರಟಾದ ಪಂಕ್‌ನಲ್ಲಿ, ಲೆಕ್ಕವೇ ಬೇರೆ. ಆ ಹುಡುಗರ ಬಳಿ ಪೂರ್ತಿ ಆಲ್ಬಮ್ ಮಾಡುವ ದುಡ್ಡಿರಲಿಲ್ಲ. ಇಪಿ ಎಂಬ ನಾಲ್ಕೈದು ಹಾಡಿನ ಪುಟ್ಟ ರೆಕಾರ್ಡ್‌ಗಳನ್ನು ತಾವೇ ಅಚ್ಚು ಹಾಕಿಸಿ ಮಾರುತ್ತಿದ್ದರು. ಅಸಲಿ ಕೆಲಸ ಇರುವುದೇ ಅಲ್ಲಿ. 1983ರಲ್ಲಿ ಬಂದ 'ದಿ ಫಸ್ಟ್ ಫೋರ್ ಇಯರ್ಸ್' ಅಂಥ ಇಪಿಗಳು, ಒಂದು ಸಿಂಗಲ್, ಬೇರೆ ಸಂಗ್ರಹಗಳಿಗೆ ಕೊಟ್ಟಿದ್ದ ಎರಡು ಹಾಡು, ಎಲ್ಲವನ್ನೂ ಹೆಚ್ಚೂಕಡಿಮೆ ಬಂದ ಕ್ರಮದಲ್ಲೇ ಜೋಡಿಸಿದ್ದು. ಒಟ್ಟು 16 ಹಾಡು. ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಮೂವರು ಗಾಯಕರಿದ್ದಾರೆ ಅಂತ ನೀವು ಹಿಂಜರಿಯುತ್ತಿದ್ದೀರಿ. ನನಗೆ ಇಷ್ಟವಾಗುವುದೇ ಅದು. ಗಾಯಕ ಬದಲಾದರೂ ಬ್ಯಾಂಡ್ ಬದಲಾಗುವುದಿಲ್ಲ. ಯಾಕೆಂದರೆ ಇದು ಗಾಯಕರ ಬ್ಯಾಂಡ್ ಅಲ್ಲವೇ ಅಲ್ಲ, ಗಿಟಾರ್ ನುಡಿಸುವ ಗ್ರೆಗ್ ಗಿನ್ ಎಂಬ ಹಟವಾದಿಯ ಬ್ಯಾಂಡ್. ರೋಲಿನ್ಸ್‌ನಿಂದಲೇ ಶುರು ಮಾಡಿದರೆ ಇದು ಗೊತ್ತಾಗುವುದು ಕಷ್ಟ. ಆತ ಹಾಡುವಾಗ ಬೇರೆ ಕಡೆ ಗಮನ ಹೋಗುವುದೇ ಇಲ್ಲ.

ಗಿನ್ ಲಾಸ್ ಏಂಜಲೀಸ್ ಹತ್ತಿರದ ಹರ್ಮೋಸಾ ಬೀಚ್ ಎಂಬ ಕಡಲೂರಿನವನು. ಚಿಕ್ಕಂದಿನಲ್ಲೇ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಹುಚ್ಚು. ಸಾಲಿಡ್ ಸ್ಟೇಟ್ ಟ್ಯೂನರ್ಸ್ ಅಂತ ಹೆಸರಿಟ್ಟುಕೊಂಡು ರೇಡಿಯೋ ಬಿಡಿಭಾಗಗಳನ್ನು ಅಂಚೆಯಲ್ಲಿ ಮಾರುತ್ತಿದ್ದ. ಮುಂದೆ ಅಮೆರಿಕದ ಸ್ವತಂತ್ರ ಸಂಗೀತದಲ್ಲಿ ದೊಡ್ಡ ಹೆಸರಾದ ಅವನ ರೆಕಾರ್ಡ್ ಕಂಪನಿ ಎಸ್‌ಎಸ್‌ಟಿ ರೆಕಾರ್ಡ್ಸ್ ಆ ಅಂಗಡಿಯ ಹೆಸರನ್ನೇ ಹೊತ್ತಿದೆ. 1976ರಲ್ಲಿ ಕಟ್ಟಿದ ಬ್ಯಾಂಡಿಗೆ ಮೊದಲು ಇಟ್ಟ ಹೆಸರು ಪ್ಯಾನಿಕ್. ಆ ಹೆಸರಿನ ಇನ್ನೊಂದು ಬ್ಯಾಂಡ್ ಇದೆ ಅಂತ ಗೊತ್ತಾದಾಗ ಬ್ಲ್ಯಾಕ್ ಫ್ಲ್ಯಾಗ್ ಅಂತ ಹೊಸ ಹೆಸರು ಸೂಚಿಸಿದ್ದು ಗಿನ್‌ನ ತಮ್ಮ ರೇಮಂಡ್ ಪೆಟಿಬಾನ್. ನಾಲ್ಕು ಕಪ್ಪು ಪಟ್ಟಿಯ ಆ ಲೋಗೋ ಕೂಡ ಅವನದ್ದೇ. ಅಂದಹಾಗೆ ಅಮೆರಿಕದಲ್ಲಿ ಇದೇ ಹೆಸರಿನ ಜಿರಳೆ ಔಷಧಿಯೂ ಉಂಟು.

ಈಗ ಹಾಡುಗಳಿಗೆ ಬರೋಣ. ಮೊದಲ ನಾಲ್ಕು 'ನರ್ವಸ್ ಬ್ರೇಕ್‌ಡೌನ್' ಇಪಿಯವು. ರೆಕಾರ್ಡ್ ಆಗಿದ್ದು 1978ರ ಜನವರಿಯಲ್ಲಿ. ತರುತ್ತೇವೆ ಅಂದಿದ್ದ ಕಂಪನಿ ಇವತ್ತು ನಾಳೆ ಅಂತ ದಿನ ದೂಡಿತು. ಕಾದು ಸಾಕಾಗಿ ಗಿನ್ ಟೆಲಿಫೋನ್ ಡೈರೆಕ್ಟರಿ ತೆಗೆದು ರೆಕಾರ್ಡ್ ಅಚ್ಚು ಹಾಕುವವರನ್ನು ಹುಡುಕಿದ, ತಾನೇ ಹೊರತಂದ. ಎಸ್‌ಎಸ್‌ಟಿಯ ನಂಬರ್ ಒನ್ ರೆಕಾರ್ಡ್ ಅದೇ. ಹಾಡುವವನು ಕೀತ್ ಮಾರಿಸ್. ಮೂಗಿನಲ್ಲೇ ರಾಗ ಎಳೆಯುತ್ತ, ಕಿಚಾಯಿಸುತ್ತಲೇ ಕುಸಿದು ಬೀಳುವ ದನಿ. 'ವೇಸ್ಟೆಡ್' ಕೇಳಿ. ಇಡೀ ಹಾಡು ಒಂದು ನಿಮಿಷಕ್ಕೂ ಕಡಿಮೆ. ಒಬ್ಬ ಹುಡುಗ ತಾನು ಏನೇನಾಗಿದ್ದೆ ಅಂತ ಪಟ್ಟಿ ಹೇಳುತ್ತಾನೆ. ಹಿಪ್ಪಿಯಾಗಿದ್ದೆ, ಸರ್ಫಿಂಗ್ ಮಾಡಿಕೊಂಡಿದ್ದೆ, ನಶೆಯಲ್ಲಿದ್ದೆ. ಅಷ್ಟೇ. ಪಶ್ಚಾತ್ತಾಪವೂ ಇಲ್ಲ, ಹೆಮ್ಮೆಯೂ ಇಲ್ಲ. ಪಟ್ಟಿ ಮುಗಿಯಿತು, ಹಾಡೂ ಮುಗಿಯಿತು. ಇದರಲ್ಲಿ ಒಂದು ಸಾಲು ಜಾಸ್ತಿ ಆಗಿದ್ದರೂ ಹಾಡು ಕೆಡುತ್ತಿತ್ತು.

ಮಾರಿಸ್ ಬ್ಯಾಂಡ್ ಬಿಟ್ಟು ಹೋಗಿ ಸರ್ಕಲ್ ಜರ್ಕ್ಸ್ ಎಂಬ ಬ್ಯಾಂಡ್ ಕಟ್ಟಿದ. ಅವನ ಜಾಗಕ್ಕೆ ಬಂದವನು ರಾನ್ ರೇಯಸ್, ಹುಟ್ಟಿದ್ದು ಪೋರ್ಟೊ ರಿಕೊದಲ್ಲಿ. 1980ರ 'ಜೆಲಸ್ ಅಗೇನ್' ಇಪಿಯಲ್ಲಿ ಇವನೇ ಹಾಡಿದ್ದು. ಅದು ಹೊರಬರುವಷ್ಟರಲ್ಲಿ ಒಂದು ಕಾರ್ಯಕ್ರಮದ ನಡುವೆಯೇ ಮೈಕ್ ಬಿಟ್ಟು ಹೊರಟುಹೋಗಿದ್ದ. ಉಳಿದವರು ಸಿಟ್ಟಿಗೆ ರೆಕಾರ್ಡಿನ ಮೇಲೆ ಅವನ ನಿಜವಾದ ಹೆಸರು ಹಾಕದೆ, ಇಲ್ಲಿ ಬರೆಯಲಾಗದ ಒಂದು ಅಡ್ಡಹೆಸರು ಹಾಕಿಬಿಟ್ಟರು. ಈ ಇಪಿಯ 'ವೈಟ್ ಮೈನಾರಿಟಿ' ಬಗ್ಗೆ ಒಂದು ಮಾತು ಹೇಳಲೇಬೇಕು. ಸುಮ್ನೆ ಸಾಲುಗಳನ್ನು ಮಾತ್ರ ಓದಿದರೆ ಬಿಳಿಯರ ಪರ ಕೂಗಾಡುವ ಹಾಡು ಅನ್ನಿಸುತ್ತದೆ. ಕೆಲವರು ಹಾಗೇ ತಿಳಿದುಕೊಂಡರು. ಆದರೆ ಹಾಡುತ್ತಿರುವವನು ಪೋರ್ಟೊ ರಿಕೊದವನು, ಡ್ರಮ್ಸ್ ಬಾರಿಸುತ್ತಿರುವ ರೋಬೊ ಕೊಲಂಬಿಯಾದವನು, ರೆಕಾರ್ಡಿಂಗ್ ನೋಡಿಕೊಂಡ ಸ್ಪಾಟ್ ಕಪ್ಪು ಜನಾಂಗದವನು. ಬಿಳಿಯರ ಭಯವನ್ನು ಇವರೆಲ್ಲ ಸೇರಿ ಆಡಿಕೊಳ್ಳುತ್ತಿದ್ದಾರೆ. ಇಷ್ಟು ಗೊತ್ತಿಟ್ಟುಕೊಂಡು ಕೇಳಿ, ರೇಯಸ್‌ನ ಗಂಟಲಲ್ಲಿ ವ್ಯಂಗ್ಯ ಕಾಣುತ್ತದೆ.

ಇದೇ ಇಪಿಯ ಕೊನೆಯ ಹಾಡನ್ನು ಹಾಡಿದ್ದು ಬೇಸ್ ಗಿಟಾರ್ ನುಡಿಸುವ ಚಕ್ ಡುಕೌಸ್ಕಿ. ಅಂದರೆ ಲೆಕ್ಕಕ್ಕೆ ಗಾಯಕರು ನಾಲ್ವರಾದರು! ಬಿಟ್ಟುಹೋದ ಮಾರಿಸ್ ತನ್ನ ಹೊಸ ಬ್ಯಾಂಡಿನಲ್ಲಿ ಹಳೇ ಹಾಡುಗಳನ್ನು ಬಳಸಿಕೊಂಡ ಅಂತ ಇವರಿಗೆ ಕೋಪ. ಅದೇ ಕೋಪಕ್ಕೆ ಬಂದ ಹಾಡು ಇದು. ಜಗಳಕ್ಕೇ ಒಂದು ಹಾಡು.

ಮೂರನೆಯವನು ಡೆಜ್ ಕಡೀನಾ. ಅಪ್ಪ ಆಝಿ ಕಡೀನಾ ಜಾಝ್ ರೆಕಾರ್ಡ್‌ಗಳ ನಿರ್ಮಾಪಕ, ಮಗ ಪಂಕ್. ಸಂಗ್ರಹದ ಕೊನೆಯ ಏಳು ಹಾಡು ಇವನವು. ಹಾಡುವುದಲ್ಲ, ಗಂಟಲು ಹರಿದುಕೊಳ್ಳುವುದು. ಸುಮಾರು ಒಂದು ವರ್ಷದಲ್ಲಿ ಗಂಟಲು ಕೈಕೊಟ್ಟಿತು, ತಾನು ಗಿಟಾರ್ ನುಡಿಸುತ್ತೇನೆ, ಬೇರೆ ಗಾಯಕನನ್ನು ನೋಡಿ ಅಂದ. ನನ್ನ ಮಟ್ಟಿಗೆ ಈ ಮೂವರಲ್ಲಿ ಇವನೇ ಮೇಲು. 'ಸಿಕ್ಸ್ ಪ್ಯಾಕ್' ಶುರುವಾಗುವ ರೀತಿ ಗಮನಿಸಿ. ಮೊದಲು ಬೇಸ್ ಒಂದೇ, ಅದೂ ನಿಧಾನಕ್ಕೆ. ಹಿಂದೆ ಡ್ರಮ್ಸ್ ಬರುತ್ತದೆ, ಆಮೇಲೆ ಗಿಟಾರ್ ತಗಲಿಕೊಳ್ಳುತ್ತದೆ. ಈಗ ಶುರುವಾಯಿತು, ಈಗ ಶುರುವಾಯಿತು ಅಂತ ಕಾಯಿಸಿ ಕಾಯಿಸಿ ಒಮ್ಮೆಲೇ ನುಗ್ಗುತ್ತದೆ. ಬಿಯರ್ ಬಿಟ್ಟು ಬೇರೇನೂ ತಲೆಯಲ್ಲಿಲ್ಲದ ಹುಡುಗರನ್ನು ಲೇವಡಿ ಮಾಡುವ ಹಾಡಿದು. ಆ ಇಪಿಯ ಮುಖಪುಟಕ್ಕೆ ಪೆಟಿಬಾನ್ ಬರೆದ ಚಿತ್ರ ನೋಡಿ: ನೆಲಕ್ಕೆ ಬಣ್ಣ ಬಳಿಯುತ್ತ ಬಳಿಯುತ್ತ ಮೂಲೆಯಲ್ಲಿ ತಾನೇ ಸಿಕ್ಕಿಹಾಕಿಕೊಂಡ ಪಂಕ್ ಹುಡುಗ. ಅಭಿಮಾನಿಗಳನ್ನೂ ಸೇರಿಸಿ ಎಲ್ಲರಿಗೂ ಚುಚ್ಚುವ ಜಾಯಮಾನ ಇವರದ್ದು.

'ಕ್ಲಾಕ್ಡ್ ಇನ್' ಬಂದಾಗ ಸ್ಕಿಪ್ ಮಾಡಬೇಡಿ. ಕೆಲಸಕ್ಕೆ ಹೋಗಿ ಹಾಜರಿ ಹಾಕುವವನ ಹಾಡು ಅದು. 1981ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ನ್ಯೂಯಾರ್ಕಿಗೆ ಬಂದಾಗ ವಾಷಿಂಗ್ಟನ್‌ನ ಒಬ್ಬ ಐಸ್‌ಕ್ರೀಂ ಅಂಗಡಿ ಮ್ಯಾನೇಜರ್ ಗಾಡಿ ಓಡಿಸಿಕೊಂಡು ನೋಡಲು ಹೋಗಿದ್ದ. ಬೆಳಗ್ಗೆ ಅಂಗಡಿ ತೆಗೆಯಬೇಕು, ವಾಪಸ್ ಹೊರಡಬೇಕು. ಅದಕ್ಕೇ ಈ ಹಾಡು ಹೇಳಿ ಅಂತ ಕೇಳಿದ, ತಾನೂ ವೇದಿಕೆ ಹತ್ತಿ ಹಾಡಿದ. ಸ್ವಲ್ಪ ದಿನದಲ್ಲೇ ಬ್ಯಾಂಡಿನಿಂದ ಕರೆ ಬಂತು. ಆ ಮ್ಯಾನೇಜರೇ ನಿಮ್ಮ ಹೆನ್ರಿ ರೋಲಿನ್ಸ್.

ರೆಕಾರ್ಡಿಂಗ್ ಒರಟು ಅನ್ನುವುದು ನಿಜ. ಆದರೆ ಎಲ್ಲ ವಾದ್ಯವೂ ಬೇರೆ ಬೇರೆಯಾಗಿ ಕೇಳುತ್ತದೆ. 'ಡ್ಯಾಮೇಜ್ಡ್' ಇದಕ್ಕಿಂತ ಗೊಂದಲದ ಸದ್ದು ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ಎರಡು ಗಿಟಾರ್ ಒಂದರ ಮೇಲೊಂದು ಬೀಳುತ್ತವೆ. ಕೆಲವರಿಗೆ ಅದೇ ಮಜಾ.

ಕೇಳುವ ಕ್ರಮ ಹೀಗಿರಲಿ. ಮೊದಲು 'ದಿ ಫಸ್ಟ್ ಫೋರ್ ಇಯರ್ಸ್' ಮೊದಲಿಂದ ಕೊನೆತನಕ, ಶಫಲ್ ಹಾಕದೆ. ಕೊನೆಯ ಹಾಡು 'ಡ್ಯಾಮೇಜ್ಡ್ 1', ಡೆಜ್ ದನಿಯಲ್ಲಿ. ಆಮೇಲೆ 'ಡ್ಯಾಮೇಜ್ಡ್'. ಅದೂ ಇದೇ ಹಾಡಿನಿಂದ ಮುಗಿಯುತ್ತದೆ, ರೋಲಿನ್ಸ್ ದನಿಯಲ್ಲಿ. ಎರಡನ್ನೂ ಹಿಂದೆಮುಂದೆ ಹಾಕಿ ಕೇಳಿ. ಡೆಜ್ ಎದುರಿಗಿರುವವರ ಮೇಲೆ ರೇಗುತ್ತಿರುವಂತಿದೆ, ರೋಲಿನ್ಸ್ ತನ್ನ ಮೇಲೇ ರೇಗುತ್ತಿದ್ದಾನೆ. ಹಾಡು ಒಂದೇ. ಯಾವುದು ಇಷ್ಟವಾಯಿತು ಅನ್ನುವುದರ ಮೇಲೆ ಬ್ಯಾಂಡಿನ ಯಾವ ಕಾಲ ನಿಮ್ಮದು ಅಂತ ಗೊತ್ತಾಗುತ್ತದೆ.

ಹುಡುಕುವಾಗ 'ಎವ್ರಿಥಿಂಗ್ ವೆಂಟ್ ಬ್ಲ್ಯಾಕ್' ಎಂಬ ಇನ್ನೊಂದು ಸಂಗ್ರಹವೂ ಕಾಣಿಸಬಹುದು. ಅದೂ ರೋಲಿನ್ಸ್‌ಗೆ ಮುಂಚಿನ ರೆಕಾರ್ಡಿಂಗ್‌ಗಳದ್ದೇ, ಎರಡು ಎಲ್‌ಪಿ. ಹಿಂದೆ ದೊಡ್ಡ ಕತೆಯೇ ಇದೆ. 'ಡ್ಯಾಮೇಜ್ಡ್' ಹಂಚಲು ಎಂಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿ ಒಪ್ಪಲಿಲ್ಲ, ಇದು ಅಪ್ಪ-ಅಮ್ಮಂದಿರ ವಿರುದ್ಧದ ರೆಕಾರ್ಡ್ ಅಂತ ಅದರ ಒಬ್ಬ ಅಧಿಕಾರಿ ಹೇಳಿದ. ಆಮೇಲೆ ಯೂನಿಕಾರ್ನ್ ಎಂಬ ರೆಕಾರ್ಡ್ ಕಂಪನಿ ಜೊತೆ ವ್ಯಾಜ್ಯ ಶುರುವಾಗಿ, ಬ್ಲ್ಯಾಕ್ ಫ್ಲ್ಯಾಗ್ ಹೆಸರಿನಲ್ಲಿ ಹೊಸದೇನೂ ತರುವಂತಿಲ್ಲ ಅಂತ ಕೋರ್ಟ್ ತಡೆ ಬಂತು. ಇವರು ಬ್ಯಾಂಡ್ ಹೆಸರು ಬಿಟ್ಟು ಬರೀ ಆಯಾ ಸಂಗೀತಗಾರರ ಹೆಸರು ಹಾಕಿ 1982ರಲ್ಲಿ ಈ ಸಂಗ್ರಹ ತಂದರು. ಕೋರ್ಟ್ ಸುಮ್ಮನಿರುತ್ತದಾ? ಗಿನ್ ಮತ್ತು ಡುಕೌಸ್ಕಿ ಐದು ದಿನ ಜೈಲಲ್ಲಿದ್ದು ಬಂದರು. ಕತೆ ಜೋರಾಗಿದೆ, ಆದರೆ ರೆಕಾರ್ಡ್ ಮಾತ್ರ ಹೊಸಬರಿಗಲ್ಲ. ಒಂದೇ ಹಾಡು ಬೇರೆ ಬೇರೆ ಗಾಯಕರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ, ನಾಲ್ಕನೇ ಮಗ್ಗುಲಂತೂ ಪೂರ್ತಿ ಅವರ ಕಾರ್ಯಕ್ರಮಗಳ ರೇಡಿಯೋ ಜಾಹೀರಾತು. ಮೇಲಿನ ಎರಡೂ ಇಷ್ಟವಾದರೆ ಮಾತ್ರ ಅದಕ್ಕೆ ಕೈಹಾಕಿ.