ಅಮ್ಮ ಕೀರ್ತನೆ ಓದೋದು ನಿಲ್ಲಿಸಬೇಕಾ?

ಶ್ರೀನಿವಾಸಪುರ ತಾಲ್ಲೂಕಿನ ಸಹೋದರಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಹೋದ ತಿಂಗಳು ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಒಬ್ಬ ಯುವಕ ಇಬ್ರಿಯ 8:13 ಓದಿದ. ಹಳೇ ಒಡಂಬಡಿಕೆ ರದ್ದಾಗಿದೆ, ಇನ್ನು ಅದನ್ನು ಓದಬೇಕಾಗಿಲ್ಲ ಅಂದ. ನಮ್ಮ ಅಮ್ಮನಿಗೆ 74 ವರ್ಷ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಹಳೇ ಒಡಂಬಡಿಕೆಯ ಒಂದು ಕೀರ್ತನೆ ಓದುತ್ತಾರೆ. ಅವತ್ತು ಮನೆಗೆ ಬಂದವರೇ, 'ಹಾಗಾದ್ರೆ ನಾನು ಇಷ್ಟು ವರ್ಷ ಓದಿದ್ದು ಸುಮ್ನೇನಾ?' ಅಂತ ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಧರ್ಮಶಾಸ್ತ್ರವನ್ನು, ಅಂದರೆ ಮೋಶೆಯ ಮೂಲಕ ಬಂದ ಆಜ್ಞೆಗಳನ್ನು, ತೆಗೆದುಹಾಕಲು ನಾನು ಬಂದಿಲ್ಲ, ನೆರವೇರಿಸಲು ಬಂದೆ ಅಂತ ಯೇಸುಸ್ವಾಮಿ ಹೇಳಿದ್ದಾರೆ. ಇಬ್ರಿಯ ಪತ್ರ ಹಳತಾಯಿತು ಅನ್ನುತ್ತದೆ. ಯಾವುದನ್ನು ನಂಬೋದು?"

ಪ್ರಿಯ ಸಹೋದರಿಯವರಿಗೆ ಕ್ರಿಸ್ತನಲ್ಲಿ ವಂದನೆಗಳು.

ಮೊದಲು ಅಮ್ಮನಿಗೆ ಹೇಳಿಬಿಡಿ: ನಾಳೆ ಬೆಳಿಗ್ಗೆಯೂ ಓದಲಿ. ನಿಲ್ಲಿಸುವ ಮಾತೇ ಬೇಡ. ಆ ಹುಡುಗನ ಮೇಲೂ ಬೇಸರ ಬೇಡ. ಅವನು ಓದಿದ ವಾಕ್ಯ ಬೈಬಲಿನಲ್ಲೇ ಇದೆ. ತೊಡಕಿರುವುದು ಒಂದು ಪದದಲ್ಲಿ: ಒಡಂಬಡಿಕೆ. ಅದರ ಅರ್ಥ ಒಪ್ಪಂದ.

ಹಳೇ ಒಡಂಬಡಿಕೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪುಸ್ತಕ. ಆದಿಕಾಂಡದಿಂದ ಮಲಾಕಿಯವರೆಗಿನ 39 ಪುಸ್ತಕಗಳು. ಆದರೆ ಇಬ್ರಿಯ ಪತ್ರ ಬರೆಯುವ ಹೊತ್ತಿಗೆ ಹೊಸ ಒಡಂಬಡಿಕೆ ಅನ್ನುವ ಪುಸ್ತಕ ಇನ್ನೂ ಕೂಡಿಬಂದಿರಲಿಲ್ಲ. ಬರೆದವರ ಕೈಯಲ್ಲಿದ್ದ ಪವಿತ್ರ ಗ್ರಂಥ ಅಂದರೆ ನಾವು ಇವತ್ತು ಹಳೇದು ಅನ್ನುತ್ತೇವಲ್ಲ, ಅದೇ. ಅವರು ಹಳತಾಯಿತು ಅಂದದ್ದು ಪುಸ್ತಕವನ್ನಲ್ಲ. ಮೋಶೆಯ ಕಾಲದಲ್ಲಿ ಸೀನಾಯಿ ಬೆಟ್ಟದಲ್ಲಿ ದೇವರಿಗೂ ಇಸ್ರಾಯೇಲ್ ಜನರಿಗೂ ಆದ ಒಪ್ಪಂದವನ್ನು. ಆ ಪತ್ರದ 7ರಿಂದ 10ನೇ ಅಧ್ಯಾಯದವರೆಗೆ ಒಂದೇ ಸಲಕ್ಕೆ ಓದಿ ನೋಡಿ. ಅಲ್ಲಿರುವುದೆಲ್ಲ ಯಾಜಕರ ಮಾತು, ಆರಾಧನೆಯ ಗುಡಾರದ ಮಾತು, ವರ್ಷ ವರ್ಷ ಕೊಡುತ್ತಿದ್ದ ಬಲಿಯ ಮಾತು. ಕ್ರಿಸ್ತ ಒಂದೇ ಸಲ ತನ್ನನ್ನು ಒಪ್ಪಿಸಿಕೊಂಡ ಮೇಲೆ ಅವುಗಳ ಕೆಲಸ ಮುಗಿಯಿತು ಅನ್ನುವುದು ವಾದ.

ಆ ವಾದಕ್ಕೆ ಸಾಕ್ಷಿ ಎಲ್ಲಿಂದ ತಂದರು? ಯೆರೆಮೀಯ 31ರಿಂದ. ಅಲ್ಲಿನ ಮಾತನ್ನು ಐದು ವಚನಗಳಷ್ಟು ಉದ್ದಕ್ಕೆ ಎತ್ತಿ ಬರೆದಿದ್ದಾರೆ. ಹಳೇ ಒಡಂಬಡಿಕೆಯಿಂದ ತೆಗೆದ ಇಷ್ಟುದ್ದದ ಮಾತು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಪುಸ್ತಕವೇ ರದ್ದಾಗಿದ್ದರೆ ಅದರಿಂದಲೇ ಸಾಕ್ಷಿ ತರುತ್ತಿದ್ದರಾ?

ಯೆರೆಮೀಯನ ಕಾಲ ನೆನಪಿಸಿಕೊಳ್ಳಿ. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟಿತು. ದೇವಾಲಯ ಹೋಯಿತು, ಅರಸನೂ ಹೋದ. ಅಂಥ ದಿನಗಳ ಪ್ರವಾದಿಯ ಬಾಯಲ್ಲಿ ದೇವರು 'ಹೊಸ ಒಡಂಬಡಿಕೆ' ಅನ್ನುವ ಮಾತು ಇಟ್ಟರು. ಅದರಲ್ಲಿ ಹೊಸದೇನು? ಬೇರೆ ಆಜ್ಞೆ ಕೊಡುತ್ತೇನೆ ಅನ್ನಲಿಲ್ಲ. ನನ್ನ ಉಪದೇಶವನ್ನು ಅವರ ಹೃದಯದೊಳಗೇ ಬರೆಯುತ್ತೇನೆ, ಅವರ ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ ಅಂದರು. ಬದಲಾದದ್ದು ಬರೆಯುವ ಜಾಗ. ಯೇಸುಸ್ವಾಮಿ 'ನೆರವೇರಿಸಲು ಬಂದೆ' ಅಂದದ್ದೂ ಈ ಅರ್ಥದಲ್ಲೇ ಅಂತ ನಾನು ಓದುತ್ತೇನೆ. ಕೊಲೆ ಮಾಡಬೇಡ ಅನ್ನುವ ಆಜ್ಞೆಯನ್ನು ಅವರು ಅಳಿಸಲಿಲ್ಲ. ಅದನ್ನು ಕೈಯಿಂದ ಮನಸ್ಸಿನ ಸಿಟ್ಟಿನವರೆಗೆ ಒಳಕ್ಕೆ ಒಯ್ದರು.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹಳೇ ಪುಸ್ತಕದೊಳಗೆ ಇರುವುದು ಒಂದೇ ಒಡಂಬಡಿಕೆ ಅಲ್ಲ. ನೋಹನೊಂದಿಗೆ, ಅಬ್ರಹಾಮನೊಂದಿಗೆ, ಮೋಶೆಯ ಕಾಲದಲ್ಲಿ, ದಾವೀದನೊಂದಿಗೆ ಬೇರೆ ಬೇರೆಯಾಗಿ ಆದವು. ಆದಿಕಾಂಡ 15 ನನಗೆ ತುಂಬ ಇಷ್ಟದ ಅಧ್ಯಾಯ. ಅಬ್ರಾಮ (ಅಬ್ರಹಾಮನ ಮೊದಲಿನ ಹೆಸರು) ಮೂರು ವರ್ಷದ ಕಡಸು, ಆಡು, ಟಗರು ತಂದು ನಡುವೆ ಕಡಿದು ಹೋಳುಗಳನ್ನು ಎದುರುಬದುರು ಇಡುತ್ತಾನೆ. ಹದ್ದುಗಳು ಎರಗುತ್ತವೆ, ಓಡಿಸುತ್ತಾನೆ. ಹೊತ್ತು ಮುಳುಗುವಾಗ ಗಾಢ ನಿದ್ರೆ ಕವಿಯುತ್ತದೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಒಪ್ಪಂದ ಮಾಡುವವರು ಹೀಗೆ ಹೋಳುಗಳ ನಡುವೆ ನಡೆಯುವುದು ಆಗಿನ ಪದ್ಧತಿ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಅಂತ. ಇಲ್ಲಿ ಅಬ್ರಾಮ ನಡೆಯಲೇ ಇಲ್ಲ. ದೇವರೊಬ್ಬರೇ ನಡೆದರು.

ಸೀನಾಯಿಯಲ್ಲಿ ಹಾಗಲ್ಲ. ಜನರೆಲ್ಲ ಒಂದೇ ದನಿಯಲ್ಲಿ 'ಹಾಗೇ ನಡೆಯುತ್ತೇವೆ' ಅಂದರು. ಮೋಶೆ ಅರ್ಧ ರಕ್ತವನ್ನು ವೇದಿಗೆ, ಅರ್ಧವನ್ನು ಜನರ ಮೇಲೆ ಎರಚಿದ. ನಮ್ಮ ನೋಂದಣಿ ಕಚೇರಿಯ ಮಾತಲ್ಲಿ ಹೇಳುವುದಾದರೆ ಅಬ್ರಹಾಮನಿಗೆ ಸಿಕ್ಕಿದ್ದು ದಾನಪತ್ರ, ಸೀನಾಯಿಯದು ಕರಾರು. 430 ವರ್ಷ ಆದ ಮೇಲೆ ಬಂದ ಧರ್ಮಶಾಸ್ತ್ರ ಮೊದಲಿನ ವಾಗ್ದಾನವನ್ನು ರದ್ದುಮಾಡಲಾರದು ಅಂತ ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದದ್ದು ಇದನ್ನೇ. ಈ ಹೋಲಿಕೆಯನ್ನು ಜಾಸ್ತಿ ಎಳೆಯುವುದು ಬೇಡ. ಯಾಕೆಂದರೆ ದಶಾಜ್ಞೆ ಶುರುವಾಗುವುದೇ 'ಐಗುಪ್ತದ ದಾಸತ್ವದಿಂದ ನಿನ್ನನ್ನು ಬಿಡಿಸಿದವನು ನಾನು' ಅಂತ. ಅಲ್ಲೂ ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಹಳೇದರಲ್ಲಿ ಬರೀ ಆಜ್ಞೆ, ಹೊಸದರಲ್ಲಿ ಬರೀ ಕೃಪೆ ಅನ್ನುವ ಪ್ರಸಂಗಗಳನ್ನು ಕೇಳಿದಾಗ ನನಗೆ ನೋವಾಗುತ್ತದೆ.

ಹಳೇದನ್ನು ಬಿಟ್ಟುಬಿಡೋಣ ಅಂದವರು ಹಿಂದೆಯೂ ಇದ್ದರು. ಎರಡನೇ ಶತಮಾನದಲ್ಲಿ ಮಾರ್ಸಿಯೋನ್ ಅನ್ನುವ ಬೋಧಕ ಯೆಹೂದ್ಯರ ಗ್ರಂಥವೇ (ಅಂದರೆ ನಮ್ಮ ಹಳೇ ಒಡಂಬಡಿಕೆಯೇ) ಬೇಡ ಅಂದ. ಆಮೇಲೆ ಅವನು ಲೂಕನ ಸುವಾರ್ತೆಯನ್ನೂ ಕತ್ತರಿಸಬೇಕಾಯಿತು, ಏಕೆಂದರೆ ಅದರ ತುಂಬ ಪ್ರವಾದಿಗಳ ಮಾತಿದೆ. ರೋಮಿನ ಸಭೆ ಕ್ರಿ.ಶ. 144ರಲ್ಲಿ ಅವನನ್ನು ಹೊರಗೆ ಹಾಕಿತು. ನಂತರದವರು ಹಳೇದಕ್ಕೂ ಹೊಸದಕ್ಕೂ ಇರುವ ಸಂಬಂಧವನ್ನು ಬೇರೆ ಬೇರೆ ರೀತಿ ವಿವರಿಸಿದ್ದಾರೆ. 16ನೇ ಶತಮಾನದ ಸುಧಾರಕರಲ್ಲಿ ಕ್ಯಾಲ್ವಿನ್ ಎರಡರ ಸಾರ ಒಂದೇ, ನಡೆಸುವ ರೀತಿ ಬೇರೆ ಅಂದ. ಲೂಥರ್ ಆಜ್ಞೆಗೂ ಸುವಾರ್ತೆಗೂ ಇರುವ ವ್ಯತ್ಯಾಸವನ್ನು ಒತ್ತಿ ಹೇಳಿದ. ಇಬ್ಬರೂ ಹಳೇ ಪುಸ್ತಕದ ಮೇಲೆ ಜೀವನವಿಡೀ ಪ್ರಸಂಗ ಮಾಡಿದವರೇ.

ನಿಮ್ಮದು ಮಾವಿನ ಸೀಮೆ. ಹಾಗಾಗಿ ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ನಿಮಗೆ ನಮಗಿಂತ ಚೆನ್ನಾಗಿ ಅರ್ಥವಾಗಬೇಕು. ನಿಮ್ಮ ಕಡೆಯ ನರ್ಸರಿಯೊಂದರಲ್ಲಿ ಕಸಿ ಕಟ್ಟುವುದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದ್ದೇನೆ. ನಾಟಿ ಮಾವಿನ ವಾಟೆಯಿಂದ ಬಂದ ಗಿಡದ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿದರು. ಬಾದಾಮಿ ಮಾವಿನ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಸೀಳಿನಲ್ಲಿ ಕೂರಿಸಿದರು. ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು. ಬೇರು ನಾಟಿ, ಮೇಲಿನದು ಒಳ್ಳೇ ತಳಿ. ಯಾವ ರೈತರನ್ನು ಕೇಳಿದರೂ ಕ್ರಮ ಇದೇ. ಪೌಲ ಹೇಳುವುದು ಇದಕ್ಕೆ ತಿರುವುಮುರುವು. ಇಸ್ರಾಯೇಲ್ ಜನ ತೋಟದ ಒಳ್ಳೇ ಎಣ್ಣೇಮರ (ಆಲಿವ್), ಯೆಹೂದ್ಯರಲ್ಲದ ನಾವು ಕಾಡುಮರದ ಕಡ್ಡಿಗಳು. ಕಾಡು ಕಡ್ಡಿಯನ್ನು ತಂದು ಒಳ್ಳೇ ಮರಕ್ಕೆ ಕಸಿ ಕಟ್ಟಿದ್ದಾರೆ. ಇದು ಸ್ವಭಾವಕ್ಕೆ ವಿರುದ್ಧ ಅಂತ ಅವನೇ ಒಪ್ಪುತ್ತಾನೆ. ಅದಕ್ಕೇ ಎಚ್ಚರಿಸುತ್ತಾನೆ: ಬೇರನ್ನು ನೀನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ.

ಯೆರೆಮೀಯನಲ್ಲಿ ಆ ವಾಗ್ದಾನ ಬಂದದ್ದು ಇಸ್ರಾಯೇಲ್ ವಂಶಕ್ಕೂ ಯೆಹೂದ ವಂಶಕ್ಕೂ. ಕೋಲಾರದ ನಾವು ಆಮೇಲೆ ಸೇರಿಸಿಕೊಂಡವರು. ಇದನ್ನು ಮರೆತು ಯೆಹೂದ್ಯರನ್ನು ದೇವರು ತಳ್ಳಿಬಿಟ್ಟರು ಅಂತ ಶತಮಾನಗಟ್ಟಲೆ ಬೋಧಿಸಿದ ಸಭೆಗಳಿವೆ. ಅದರಿಂದ ಆದ ಅನಾಹುತ ಸಣ್ಣದಲ್ಲ. ಕಥೋಲಿಕ ಸಭೆ 1965ರಲ್ಲಿ ವ್ಯಾಟಿಕನ್ ಮಹಾಸಭೆಯಲ್ಲಿ ಇದನ್ನು ತಿದ್ದಿ ಬರೆದಾಗ ಹಿಡಿದದ್ದೂ ಈ ಎಣ್ಣೇಮರದ ಮಾತನ್ನೇ.

ಈಗ ಅಮ್ಮನ ಕೀರ್ತನೆಗೆ ಬರೋಣ. ಕಡೇ ಭೋಜನದ ರಾತ್ರಿ ಯೇಸುಸ್ವಾಮಿ ಪಾತ್ರೆ ಎತ್ತಿಕೊಂಡು 'ಇದು ನನ್ನ ರಕ್ತದಲ್ಲಿ ಆಗುವ ಹೊಸ ಒಡಂಬಡಿಕೆ' ಅಂದರು. ಆ ಊಟ ಮುಗಿದ ಮೇಲೆ ಹಾಡಿ, ಎಣ್ಣೇಮರಗಳ ಗುಡ್ಡಕ್ಕೆ ಹೊರಟರು ಅಂತ ಮತ್ತಾಯ ಬರೆದಿದ್ದಾನೆ. ಅದು ಪಸ್ಕದ ಊಟ, ಐಗುಪ್ತದಿಂದ ಬಿಡುಗಡೆಯಾದದ್ದನ್ನು ಯೆಹೂದ್ಯರು ನೆನೆಯುವ ಹಬ್ಬದ್ದು. ಅದರಲ್ಲಿ ಹಾಡುವ ವಾಡಿಕೆ ಇರುವುದು 113ರಿಂದ 118ರವರೆಗಿನ ಕೀರ್ತನೆಗಳನ್ನು. ಮಾರನೇ ದಿನ ಶಿಲುಬೆಯ ಮೇಲೆ 'ನನ್ನ ದೇವರೇ, ಯಾಕೆ ಕೈಬಿಟ್ಟೆ' ಅಂದದ್ದು 22ನೇ ಕೀರ್ತನೆ. 'ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ' ಅಂದದ್ದು 31ನೇ ಕೀರ್ತನೆ. ಹೊಸ ಒಡಂಬಡಿಕೆಯನ್ನು ತಂದವರ ಬಾಯಲ್ಲಿ ಕೊನೆಯವರೆಗೆ ಇದ್ದದ್ದು ನಿಮ್ಮ ಅಮ್ಮ ಓದುವ ಮಾತುಗಳೇ.

ಮುಂದಿನ ಅಧ್ಯಯನದ ದಿನ ಆ ಯುವಕನ ಪಕ್ಕದಲ್ಲೇ ಕೂತು ಯೆರೆಮೀಯ 31, ಇಬ್ರಿಯ 8 ಎರಡನ್ನೂ ಒಟ್ಟಿಗೆ ತೆರೆದು ಓದಿ. 118ನೇ ಕೀರ್ತನೆಯನ್ನು ಅಮ್ಮನೇ ಗಟ್ಟಿಯಾಗಿ ಓದಲಿ. ಹೇಗಾಯಿತು ಅಂತ ನನಗೆ ಬರೆಯಿರಿ.

ಸಂಪಾದಕ, ಕೋಲಾರ