ಓದುಗರ ಪ್ರಶ್ನೆ: ಸೊಂಟದಲ್ಲಿ ಬಂದೂಕಿಲ್ಲದ ಡೆಪ್ಯೂಟಿ

ಪ್ರಶ್ನೆ: 'ಡೆಸ್ಟ್ರಿ ರೈಡ್ಸ್ ಅಗೇನ್' (1939) ಎಂಬ ಹಾಲಿವುಡ್ ಸಿನಿಮಾ ನೋಡಿದೆ. ಪುಂಡರೇ ಆಳುವ ಬಾಟಲ್‌ನೆಕ್ ಊರಲ್ಲಿ ಬರಿಗೈಲಿ ಬಂದ ಡೆಪ್ಯೂಟಿಯನ್ನು (ಕಾನೂನು ಕಾಯುವ ಶೆರಿಫ್‌ನ ಸಹಾಯಕನನ್ನು) ಮೊದಲ ದಿನವೇ ಯಾಕೆ ಮುಗಿಸಲಿಲ್ಲ? ಕೊನೆಗೆ ಅವನೂ ಬಂದೂಕು ಹಿಡಿಯುತ್ತಾನಲ್ಲ, ಅದು ಸೋಲಲ್ಲವೇ?

ಉತ್ತರ: ಸಾರೋಟಿನಿಂದ ಇಳಿಯುವಾಗ ಡೆಸ್ಟ್ರಿಯ (ಜೇಮ್ಸ್ ಸ್ಟುವರ್ಟ್) ಕೈಯಲ್ಲಿರುವುದು ಹೆಂಗಸರ ಕೊಡೆ, ಹಕ್ಕಿಯ ಪಂಜರ. ಊರೇ ನಗುತ್ತದೆ. ನಗೆಪಾಟಲಾದವನನ್ನು ಯಾರೂ ಕೊಲ್ಲಲು ಹೋಗುವುದಿಲ್ಲ. ಅಷ್ಟು ಕಾಲಾವಕಾಶ ಅವನಿಗೆ ಸಾಕು. ಆಮೇಲೆ ಪುಂಡಾಟ ಮಾಡುವವರ ಪಿಸ್ತೂಲನ್ನೇ ಕೇಳಿ ಪಡೆದು, ಬೋರ್ಡಿನ ಮೇಲಿನ ಗುಬುಟುಗಳನ್ನು ಒಂದೊಂದಾಗಿ ಹಾರಿಸುತ್ತಾನೆ. ಈ ಎರಡು ದೃಶ್ಯಗಳು ಹಿಂದುಮುಂದಾಗಿದ್ದರೆ ಕಥೆ ಅಲ್ಲಿಗೇ ಕೆಡುತ್ತಿತ್ತು. ಗುರಿ ಗೊತ್ತಿದ್ದೂ ಹೊಡೆಯದವನು ಅನ್ನುವುದು ಆಮೇಲಷ್ಟೇ ಊರಿಗೆ ತಿಳಿಯುತ್ತದೆ.

ಅವನ ನಿಜವಾದ ಆಯುಧ ಉಪಾಯ. ಕಾಣೆಯಾದ ಶೆರಿಫ್ ಕಿಯೋನ ಹೆಣ ಸಿಕ್ಕಿದೆ ಎಂಬ ಸುಳ್ಳನ್ನು ಮದ್ಯದಂಗಡಿಯ ಮಾಲೀಕ, ಪುಂಡರ ನಾಯಕ ಕೆಂಟ್‌ನ (ಬ್ರಯಾನ್ ಡಾನ್‌ಲೆವಿ) ಕಿವಿಗೆ ಬೀಳಿಸುತ್ತಾನೆ. ಹೆಣ ಹೂತ ಜಾಗ ನೋಡಲು ಹೋದ ಕೆಂಟ್‌ನ ಆಳು ತಾನೇ ಸಿಕ್ಕಿಬೀಳುತ್ತಾನೆ. ಮೇಯರ್ ಸ್ಲೇಡ್ ತಾನೇ ನ್ಯಾಯಾಧೀಶನಾಗಿ ಕೂರಲು ಹೊರಟಾಗ ಡೆಸ್ಟ್ರಿ ಹೊರಗಿನ ನ್ಯಾಯಾಧೀಶರನ್ನು ಗುಟ್ಟಾಗಿ ಕರೆಸುತ್ತಾನೆ. ಯೋಜನೆ ಕೆಡುವುದು ಅಲ್ಲೇ: ಡೆಸ್ಟ್ರಿಯ ಸಹಾಯಕ ಬೋರಿಸ್ ಬಾಯಿತಪ್ಪಿ ಆ ನ್ಯಾಯಾಧೀಶರ ಹೆಸರು ಹೇಳಿಬಿಡುತ್ತಾನೆ, ಜೈಲಿನ ಮೇಲೆ ದಾಳಿಯಾಗುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆಸರಾಂತ ಬಂದೂಕುಧಾರಿಯಾಗಿದ್ದ ಡೆಸ್ಟ್ರಿಯ ಅಪ್ಪ ಬೆನ್ನಿಗೆ ಗುಂಡು ತಗುಲಿ ಸತ್ತವನು. ಮಗ ಬಂದೂಕು ಬಿಟ್ಟದ್ದು ಅದಕ್ಕೇ. ಈಗ ಅಪ್ಪನ ಹಳೆಯ ಜೊತೆಗಾರ ವಾಶ್‌ನನ್ನೂ ಬೆನ್ನಿಗೇ ಹೊಡೆದು ಕೊಲ್ಲುತ್ತಾರೆ. ಬಂದೂಕು ಇದ್ದವನೂ ಸತ್ತ, ಇಲ್ಲದವನನ್ನು ನಂಬಿದವನೂ ಸತ್ತ. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಅವನು ಬಂದೂಕು ಕಟ್ಟಿದರೂ ಸಲೂನಿನ (ಕೆಂಟ್‌ನ ಮದ್ಯದಂಗಡಿಯ) ಕಾಳಗವನ್ನು ನಿಲ್ಲಿಸುವುದು ಮನೆಯ ಸಾಮಾನು ಹಿಡಿದು ನುಗ್ಗುವ ಊರ ಹೆಂಗಸರು. ಡೆಸ್ಟ್ರಿಗೆ ಬರಬೇಕಿದ್ದ ಗುಂಡಿಗೆ ಅಡ್ಡ ನಿಲ್ಲುವವಳು ಸಲೂನಿನ ಹಾಡುಗಾತಿ ಫ್ರೆಂಚಿ. ಹಿಂದೊಮ್ಮೆ ಅವನು ಬಣ್ಣ ಒರೆಸಿಕೋ ಎಂದಿದ್ದ ತುಟಿಯನ್ನು ಸಾಯುವ ಮುನ್ನ ಒರೆಸಿಕೊಳ್ಳುತ್ತಾಳೆ. ಮಾರ್ಲೀನ್ ಡೀಟ್ರಿಚ್ ಅದನ್ನು ಮಾತಿಲ್ಲದೆ ಮಾಡಿರುವುದು ಅದ್ಭುತ.

ಪ್ರಶ್ನೆ: ಊರಿನ ದನಸಾಕಣೆಗಾರ ಕ್ಲ್ಯಾಗೆಟ್ ತನ್ನ ಜಮೀನು, ಅಂದರೆ ರ‍್ಯಾಂಚ್ ಕಳೆದುಕೊಂಡದ್ದು ಹೇಗೆ?

ಉತ್ತರ: ಪೋಕರ್ ಆಟದಲ್ಲಿ. ಫ್ರೆಂಚಿ ಅವನ ಮೇಲೆ ಕಾಫಿ ಚೆಲ್ಲುತ್ತಾಳೆ, ಅವನು ಗಾಬರಿಯಾದಾಗ ಎಲೆ ಬದಲಾಗುತ್ತದೆ. ಕೆಂಟ್‌ಗೆ ಆ ಜಮೀನು ಬೇಕಾದದ್ದು ದನಗಳ ದಾರಿ ಅದರ ಮೂಲಕ ಹೋಗುವುದರಿಂದ. ಹಾಯುವ ಹಿಂಡಿಗೆಲ್ಲ ಸುಂಕ ವಸೂಲಿ ಮಾಡಬಹುದು.

ಪ್ರಶ್ನೆ: ಯಾವ ಆವೃತ್ತಿ ನೋಡಬೇಕು?

ಉತ್ತರ: 1939ರ ಕಪ್ಪುಬಿಳುಪಿನದು, ಸುಮಾರು 94 ನಿಮಿಷ. ನಿರ್ದೇಶಕ ಜಾರ್ಜ್ ಮಾರ್ಷಲ್ 1954ರಲ್ಲಿ ಆಡೀ ಮರ್ಫಿಯನ್ನು ಇಟ್ಟುಕೊಂಡು ಬಣ್ಣದಲ್ಲಿ ಇದನ್ನೇ ಮತ್ತೆ ತೆಗೆದರು. ಅದನ್ನು ಎರಡನೆಯದಾಗಿ ನೋಡಿ.