ತಟ್ಟೆಯಲ್ಲಿ ಗೆದ್ದ ದೊಡ್ಡಪತ್ರೆ ತೈಲ ಮಗುವಿಗೆ ಮದ್ದಾಗುತ್ತದೆಯೇ?

ಪ್ರಶ್ನೆ: ನನ್ನ ಕಿರಿಯ ಮಗಳು ಎಂ.ಎಸ್‌ಸಿ. ಓದುತ್ತಿದ್ದಾಳೆ. ನಮ್ಮ ಹಿತ್ತಿಲಿನ ದೊಡ್ಡಪತ್ರೆಯಿಂದ ಪ್ರಾಜೆಕ್ಟಿಗಾಗಿ ತೈಲ ತೆಗೆದಳು. ನಾವು ಅದನ್ನು ಸಾಂಬ್ರಾಣಿ ಎನ್ನುತ್ತೇವೆ, ನೆರೆಮನೆಯ ಮಲಯಾಳಿಗಳು ಪನಿಕ್ಕೂರ್ಕ ಎನ್ನುತ್ತಾರೆ. ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ತೈಲದ ಬಿಲ್ಲೆಯ ಸುತ್ತ 28 ಮಿ.ಮೀ., ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ಕಿನ ಬಿಲ್ಲೆಯ ಸುತ್ತ 24 ಮಿ.ಮೀ. ಅಗಲದ, ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಬಂತಂತೆ. ಹಾಗಾದರೆ ನಮ್ಮ ಹತ್ತು ತಿಂಗಳ ಮೊಮ್ಮಗನಿಗೆ ಶೀತ, ಕೆಮ್ಮು ಬಂದಾಗ ಈ ತೈಲದ ಎರಡು ಹನಿಯನ್ನು ಜೇನಿನಲ್ಲಿ ನೆಕ್ಕಿಸಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ತೈಲವನ್ನು ಕೊಡಬೇಡಿ, ಜೇನನ್ನೂ ಕೊಡಬೇಡಿ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ದೊಡ್ಡವರ ಕರುಳು ಅವುಗಳನ್ನು ಬೆಳೆಯಗೊಡುವುದಿಲ್ಲ, ವರ್ಷ ತುಂಬದ ಮಗುವಿನ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ. ಇದನ್ನು ನೀವು ಕೇಳಿಲ್ಲ, ಆದರೂ ಮೊದಲು ಹೇಳಲೇಬೇಕಾಯಿತು.

ಇನ್ನು ತೈಲದ ವಿಷಯ. ನಿಮ್ಮ ಮಗಳ ಪ್ರಯೋಗವನ್ನು ನಾನು ಅನುಮಾನಿಸುವುದಿಲ್ಲ. ದೊಡ್ಡಪತ್ರೆಯ ತೈಲ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದಕ್ಕೆ ಸ್ಪಷ್ಟವಾದ ಕಾರಣವೂ ಇದೆ. ಎಲೆಯೊಂದನ್ನು ಕಿತ್ತು ಅದರ ಅಡಿಭಾಗವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒತ್ತಾದ ಬಿಳಿ ರೋಮಗಳ ನಡುವೆ ಮಿನುಗುವ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ. ತೈಲ ಇರುವುದು ಆ ಗ್ರಂಥಿಗಳಲ್ಲಿ. ಬೆರಳು ತಾಗಿದೊಡನೆ ಅವು ಒಡೆಯುವುದರಿಂದಲೇ ಗಿಡದ ಪಕ್ಕದಲ್ಲಿ ಹಾದು ಹೋದರೂ ಓಮದಂಥ ವಾಸನೆ ಮೂಗಿಗೆ ಬಡಿಯುತ್ತದೆ. ಓಮದಲ್ಲಿ ಹೇರಳವಾಗಿರುವ ಥೈಮಾಲ್, ದೊಡ್ಡಪತ್ರೆಯಲ್ಲಿ ಸಾಮಾನ್ಯವಾಗಿ ಮುಖ್ಯವಾಗಿರುವ ಕಾರ್ವಕ್ರಾಲ್, ಇವೆರಡೂ ದಾಯಾದಿಗಳು. ಎರಡರಲ್ಲೂ ಇಂಗಾಲದ 10, ಜಲಜನಕದ 14, ಆಮ್ಲಜನಕದ 1 ಪರಮಾಣು ಇವೆ. ಅಣುವಿನ ಉಂಗುರದ ಮೇಲೆ ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಕುಳಿತ ಜಾಗ ಮಾತ್ರ ಬೇರೆ. ಇವುಗಳ ಜೊತೆಗೆ ಪ್ಯಾರಾ-ಸೈಮೀನ್, ಗಾಮಾ-ಟರ್ಪಿನೀನ್, ನಮ್ಮ ಕರಿಮೆಣಸಿನಲ್ಲೂ ಇರುವ ಬೀಟಾ-ಕ್ಯಾರಿಯೊಫಿಲೀನ್ ಮುಂತಾದವು ತೈಲದಲ್ಲಿ ಸಿಗುತ್ತವೆ.

ಕೊಲ್ಲುವ ಕೆಲಸ ಬಹುಪಾಲು ಆ ಹೈಡ್ರಾಕ್ಸಿಲ್ ಗುಂಪಿನದು. ಕಾರ್ವಕ್ರಾಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಬ್ಯಾಕ್ಟೀರಿಯಾದ ಜೀವಕೋಶದ ಪೊರೆಯೂ ಕೊಬ್ಬಿನದೇ ಆದ್ದರಿಂದ ಅದರೊಳಗೆ ನುಸುಳಿ ಪೊರೆಯನ್ನು ಸಡಿಲ ಮಾಡುತ್ತದೆ. ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಪೊರೆಯ ಎರಡೂ ಬದಿಯ ಪ್ರೋಟಾನುಗಳ ವ್ಯತ್ಯಾಸ ಅಳಿದು ಶಕ್ತಿಯ ಉತ್ಪಾದನೆ ನಿಂತುಹೋಗುತ್ತದೆ. ಪ್ಯಾರಾ-ಸೈಮೀನ್ ಅಣುವಿನ ಆಕಾರ ಹೆಚ್ಚುಕಡಿಮೆ ಕಾರ್ವಕ್ರಾಲ್‌ನದೇ, ಆದರೆ ಹೈಡ್ರಾಕ್ಸಿಲ್ ಇಲ್ಲ. ಅದು ಪೊರೆಯನ್ನು ಉಬ್ಬಿಸುತ್ತದೆ, ಒಂಟಿಯಾಗಿ ಕೊಲ್ಲುವ ಬಲ ಅದಕ್ಕೆ ಬಹಳ ಕಡಿಮೆ. ಎಲ್ಲ ಬ್ಯಾಕ್ಟೀರಿಯಾಗಳೂ ಈ ತೈಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸ್ಯೂಡೊಮೊನಾಸ್‌ನಂಥವುಗಳಿಗೆ ಹೊರಗೆ ಇನ್ನೊಂದು ಪೊರೆ ಇದೆ, ಒಳಹೊಕ್ಕ ರಾಸಾಯನಿಕವನ್ನು ಹೊರದಬ್ಬುವ ಏರ್ಪಾಡೂ ಇದೆ. ಅಂಥವುಗಳ ಮುಂದೆ ದೊಡ್ಡಪತ್ರೆ ತೈಲ ಹೆಚ್ಚಿನ ಸಲ ಸೋಲುತ್ತದೆ.

ಈಗ ಆ 28 ಮತ್ತು 24. ಇಲ್ಲಿ ನಿಧಾನವಾಗಿ ನೋಡಬೇಕು. ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವುದು 5 ಮೈಕ್ರೊಗ್ರಾಂ ಮದ್ದು. ತೈಲದ ಬಿಲ್ಲೆಗೆ ವಿದ್ಯಾರ್ಥಿಗಳು ರೂಢಿಯಲ್ಲಿ ಹಾಕುವುದು 10 ಮೈಕ್ರೊಲೀಟರ್. ಮಗಳನ್ನು ಕೇಳಿ, ಅವಳೂ ಅಷ್ಟೇ ಹಾಕಿರಬಹುದು. ಅದರ ತೂಕ ಸುಮಾರು 9 ಮಿಲಿಗ್ರಾಂ, ಅಂದರೆ 9,000 ಮೈಕ್ರೊಗ್ರಾಂ. ನಾಲ್ಕು ಮಿಲಿಮೀಟರಿನ ಆ ಗೆಲುವಿಗೆ 1,800 ಪಟ್ಟು ಹೆಚ್ಚು ವಸ್ತು ಬೇಕಾಯಿತು. ಸಾಲದ್ದಕ್ಕೆ ತೈಲ ನೀರಿನಲ್ಲಿ ಬೆರೆಯದ ಕಾರಣ ತಟ್ಟೆಯಲ್ಲಿರುವ ಅಗರ್ ಎಂಬ ಲೋಳೆಯೊಳಗೆ ಸರಿಯಾಗಿ ಹರಡುವುದಿಲ್ಲ, ಅದರ ಆವಿ ಮಾತ್ರ ಮುಚ್ಚಳದಡಿಯಲ್ಲಿ ಸುತ್ತುತ್ತ ಮೇಲಿನಿಂದ ಕೊಲ್ಲುತ್ತದೆ. ಆದ್ದರಿಂದ ಎರಡು ವೃತ್ತಗಳ ಅಗಲವನ್ನು ಪಕ್ಕಪಕ್ಕ ಇಟ್ಟು ಬಲಾಬಲ ಹೇಳಲು ಬರುವುದಿಲ್ಲ. ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ಅಳೆಯಬೇಕು. ಮದ್ದಿಗೆ ಬಗ್ಗುವ ತಳಿಗಳ ಮೇಲೆ ಸಿಪ್ರೊಫ್ಲಾಕ್ಸಾಸಿನ್ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕಾಗುತ್ತದೆ, ಕಾರ್ವಕ್ರಾಲ್ ನೂರಾರು ಮೈಕ್ರೊಗ್ರಾಂ ಬೇಕು. ಪ್ರಾಜೆಕ್ಟಿಗೆ ಸಮಯ ಉಳಿದಿದ್ದರೆ ಮಗಳು ಈ ಅಳತೆಯನ್ನೂ ಮಾಡಲಿ. ಅವಳ ಕೆಲಸದ ತೂಕ ಹೆಚ್ಚುತ್ತದೆ.

ಅಷ್ಟು ಪ್ರಮಾಣ ಮಗುವಿನ ರಕ್ತದಲ್ಲಿ ಸೇರುವಂತೆ ತೈಲ ಕುಡಿಸುವುದೆಂದರೆ ವಿಷವಿಟ್ಟಂತೆ. ಒಂದಿಷ್ಟು ಒಳಹೋದರೂ ರಕ್ತದ ಪ್ರೋಟೀನುಗಳು, ದೇಹದ ಕೊಬ್ಬು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಬ್ಯಾಕ್ಟೀರಿಯಾದ ಬಳಿಗೆ ತಲಪುವುದು ಅಲ್ಪ. ಹಾಗೆಂದು ಆಂಟಿಬಯಾಟಿಕ್ ಕೊಡಿ ಎಂದೂ ನಾನು ಹೇಳುತ್ತಿಲ್ಲ. ಮಕ್ಕಳ ಶೀತ ಬಹುತೇಕ ವೈರಸ್ಸಿನಿಂದ ಬರುವಂಥದ್ದು, ಅದಕ್ಕೆ ಆಂಟಿಬಯಾಟಿಕ್ಕೂ ನಾಟುವುದಿಲ್ಲ.

ನಿಮ್ಮ ಮನೆಯಲ್ಲಿ ಮಾಡುವ ಸಾಂಬ್ರಾಣಿ ತಂಬುಳಿಯ ಲೆಕ್ಕವೇ ಬೇರೆ. ಒಂದು ಕಿಲೋ ಹಸಿ ಎಲೆಯನ್ನು ಬಟ್ಟಿ ಇಳಿಸಿದರೆ ಒಂದು ಮಿಲಿಲೀಟರ್ ಆಸುಪಾಸು ತೈಲ ಸಿಗುತ್ತದೆ ಎಂದಿಟ್ಟುಕೊಳ್ಳಿ. ಎಲೆಯ ಬಹುಭಾಗ ನೀರೇ. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿಯೊಡನೆ ಅರೆದು ಮಜ್ಜಿಗೆಗೆ ಬೆರೆಸುವ ಹತ್ತು ಎಲೆ 20 ಗ್ರಾಂ ತೂಗಿದರೆ ಅದರಲ್ಲಿರುವುದು ಸುಮಾರು 18 ಮಿಲಿಗ್ರಾಂ ತೈಲ, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಚಮಚ ತುಂಬ ತೈಲವೆಂದರೆ ಐದು ಕಿಲೋ ಎಲೆ! ಎಲೆಯನ್ನು ತಲೆಮಾರುಗಳಿಂದ ತಿಂದಿದ್ದೇವೆ ಎಂಬ ಭರವಸೆಯನ್ನು ಬಟ್ಟಿ ಇಳಿಸಿದ ತೈಲಕ್ಕೆ ಹೊಂದಿಸಬಾರದು. ತೆಳುಮಾಡದ ತೈಲ ತಾಗಿದರೆ ದೊಡ್ಡವರ ಬಾಯಿಯ ಒಳಚರ್ಮವೂ ಉರಿಯುತ್ತದೆ. ಮಗುವಿನ ಮೂಗಿಗೆ, ಎದೆಗೆ ಅದನ್ನು ಹಚ್ಚುವುದೂ ಬೇಡ. ಬೆಂಕಿಗೆ ಹಿಡಿದು ಬಾಡಿಸಿದ ಎಲೆಯನ್ನು ನೆತ್ತಿಯ ಮೇಲಿಡುವ ರೂಢಿಗೆ ನನ್ನ ಆಕ್ಷೇಪವಿಲ್ಲ, ಬಿಸಿ ಪೂರ್ತಿ ಆರಿರಲಿ. ಮಗು ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ದೊಡ್ಡಪತ್ರೆ ತೈಲದಲ್ಲಿ ಕಾರ್ವಕ್ರಾಲ್ ಹೆಚ್ಚೆಂದು ಒಂದು ಲೇಖನ, ಥೈಮಾಲ್ ಹೆಚ್ಚೆಂದು ಇನ್ನೊಂದು ಲೇಖನ ಹೇಳುತ್ತದೆ. ಯಾವುದನ್ನು ನಂಬುವುದು?
— ಶಿಕ್ಷಕರೊಬ್ಬರು, ಮಂಜೇಶ್ವರ

ಉತ್ತರ: ಎರಡೂ ನಿಜವಿರಬಹುದು. ನೋಡಲು ಒಂದೇ ತೆರನಾದ ಗಿಡಗಳಲ್ಲಿ ಬೇರೆ ಬೇರೆ ರಾಸಾಯನಿಕ ತಳಿಗಳಿರುತ್ತವೆ. ಗಾಮಾ-ಟರ್ಪಿನೀನನ್ನು ಒಂದು ತಳಿಯ ಕಿಣ್ವಗಳು ಕಾರ್ವಕ್ರಾಲ್ ಕಡೆಗೆ, ಮತ್ತೊಂದರವು ಥೈಮಾಲ್ ಕಡೆಗೆ ತಿರುಗಿಸುತ್ತವೆ. ದೊಡ್ಡಪತ್ರೆಯನ್ನು ನಾವು ಬೀಜದಿಂದ ಬೆಳೆಸುವುದಿಲ್ಲ. ಯಾರದೋ ಮನೆಯಂಗಳದಿಂದ ಒಂದು ಗೆಲ್ಲು ತಂದು ಊರುತ್ತೇವೆ. ತಾಯಿಗಿಡದ ರಸಾಯನಶಾಸ್ತ್ರ ಗೆಲ್ಲಿನೊಡನೆ ಬರುತ್ತದೆ. ಹೀಗಾಗಿ ಒಂದೇ ಊರಿನ ಹತ್ತು ಮನೆಗಳ ತೈಲ ಒಂದೇ ತೆರನಾಗಿದ್ದು ಪಕ್ಕದ ಊರಿನದು ಬೇರೆಯಾದರೆ ಆಶ್ಚರ್ಯವಿಲ್ಲ. ಎಲೆಯ ಪ್ರಾಯ, ಬಿಸಿಲು, ಕೊಯ್ದ ಕಾಲ ಕೂಡ ಪ್ರಮಾಣವನ್ನು ಏರಿಳಿಸುತ್ತವೆ.

ಆದರೆ ಇನ್ನೊಂದು ಸಾಧ್ಯತೆಯನ್ನೂ ಗಮನಿಸಿ. ತೈಲದ ಅಣುಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಈ ಎರಡು ಅಣುಗಳು ಬೆನ್ನುಬೆನ್ನಿಗೆ ಹೊರಬರುತ್ತವೆ, ಅವುಗಳ ರಾಶಿರೋಹಿತವೂ (ಅಣು ಒಡೆದ ಚೂರುಗಳ ತೂಕದ ಚಿತ್ರ) ಬಹುತೇಕ ಒಂದೇ. ಕಂಪ್ಯೂಟರ್ ಸೂಚಿಸಿದ ಹೆಸರನ್ನು ಹಾಗೆಯೇ ಬರೆದುಕೊಂಡರೆ ಅದಲುಬದಲಾಗುವುದು ಸುಲಭ. ಶುದ್ಧ ಥೈಮಾಲ್, ಶುದ್ಧ ಕಾರ್ವಕ್ರಾಲ್ ಎರಡನ್ನೂ ಅದೇ ಯಂತ್ರದಲ್ಲಿ ಹಾಯಿಸಿ ಹೋಲಿಸಿದ್ದಾರೆಯೇ, ಧಾರಣ ಸೂಚ್ಯಂಕವನ್ನು (ಅಣು ಯಂತ್ರದಿಂದ ಹೊರಬರುವ ಹೊತ್ತಿನ ಅಳತೆ) ಕೊಟ್ಟಿದ್ದಾರೆಯೇ ನೋಡಿ. ಅವೆರಡೂ ಇಲ್ಲದ ಲೇಖನವನ್ನು ನಾನು ಪಕ್ಕಕ್ಕಿಡುತ್ತೇನೆ.

ಪ್ರಶ್ನೆ: ಇಂಥ ತೈಲ ಶಿಲೀಂಧ್ರವನ್ನೂ ಕೊಲ್ಲುತ್ತದೆಂದು ಕೇಳಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಬದಲು ಇದನ್ನು ಬಿಡಬಹುದೇ, ಅಂದರೆ ಸಿಂಪಡಿಸಬಹುದೇ?
— ಕೃಷಿಕರೊಬ್ಬರು, ಪೆರ್ಲ

ಉತ್ತರ: ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಶಿಲೀಂಧ್ರದಂತೆ ಕಾಣುವ ಬೇರೆ ಗುಂಪಿನ ಜೀವಿ. ಕಾರ್ವಕ್ರಾಲ್, ಥೈಮಾಲ್‌ಗಳು ಪ್ರಯೋಗಾಲಯದಲ್ಲಿ ಫೈಟಾಫ್ತೊರಾ ಜಾತಿಗಳನ್ನು ತಡೆಯುತ್ತವೆ ಎಂಬುದು ಹೌದು. ತೋಟದಲ್ಲಿ ಎರಡು ಕಷ್ಟಗಳು ಎದುರಾಗುತ್ತವೆ. ತೈಲ ಆರಿಹೋಗುವ ವಸ್ತು, ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಗೊನೆಯ ಮೇಲೆ ವಾರಗಟ್ಟಲೆ ನಿಲ್ಲುವುದಿಲ್ಲ. ಸುಣ್ಣದೊಡನೆ ಕೂಡಿದ ತಾಮ್ರ ಕಾಯಿಗೆ ಅಂಟಿ ನಿಲ್ಲುತ್ತದೆ, ಮೈಲುತುತ್ತು, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಗುಟ್ಟೇ ಅದು. ಎರಡನೆಯದು ಎಲೆಯ ಲೆಕ್ಕ: 100 ಲೀಟರ್ ನೀರಿಗೆ ಶೇ. 0.1ರಷ್ಟು ತೈಲ ಬೆರೆಸಲು 100 ಮಿಲಿಲೀಟರ್ ಬೇಕು, ಅದಕ್ಕೆ ಒಂದು ಕ್ವಿಂಟಲ್ ಎಲೆ ಬಟ್ಟಿ ಇಳಿಸಬೇಕು.

ತಾಮ್ರ ಮಣ್ಣಿನಲ್ಲಿ ಸೇರಿಕೊಳ್ಳುತ್ತಿದೆ ಎಂಬ ನಿಮ್ಮಂಥವರ ಕಳವಳ ನ್ಯಾಯವಾದದ್ದು. ಅದಕ್ಕೆ ಸದ್ಯದ ದಾರಿ, ಮದ್ದನ್ನು ಸರಿಯಾದ ಹದದಲ್ಲಿ, ಸರಿಯಾದ ಹೊತ್ತಿಗೆ ಬಿಟ್ಟು ಮತ್ತೆ ಮತ್ತೆ ಬಿಡುವ ಪ್ರಸಂಗ ತಪ್ಪಿಸುವುದು. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40–45 ದಿನಗಳ ಬಳಿಕ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕಲಸಿ, ಕಬ್ಬಿಣದ್ದಲ್ಲದ ಪಾತ್ರೆಗಳಲ್ಲೇ ಬೆರೆಸಿ. ಬಿಡುವ ಮೊದಲು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಕೆಂಪು ಕೂರದಷ್ಟಾಗುವವರೆಗೆ ಸುಣ್ಣದ ನೀರು ಸೇರಿಸಿ, ಅದೇ ದಿನ ಬಿಟ್ಟು ಮುಗಿಸಿ.